ಚಿಪ್ಪುಜೀವಿಗಳಲ್ಲಿ ರೋಗಾಣು: ನೀರಿನ ಉಪ್ಪು, ನೀರಿನ ಬಿಸಿ ಮತ್ತು ಒಳನಾಡಿನ ಪಂಚಾಯಿತಿಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ಅಂಗಳದ ಕೆಸರಿನಲ್ಲಿ ಕಪ್ಪೆಚಿಪ್ಪುಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಆಟಕ್ಕೆಂದು ಆಯ್ದುಕೊಳ್ಳುವ ಈ ಚಿಪ್ಪುಗಳೊಳಗೆ ವಾಸಿಸುವ ಮೃದ್ವಂಗಿಗೆ ಆಹಾರವನ್ನು ಬೆನ್ನಟ್ಟಿ ಹಿಡಿಯುವ ಸಾಮರ್ಥ್ಯವಿಲ್ಲ. ಅದು ಇದ್ದಲ್ಲಿಯೇ ಇದ್ದು, ಸುತ್ತಲಿನ ನೀರನ್ನು ಒಳಗೆಳೆದುಕೊಂಡು, ಕಿವಿರುಗಳಲ್ಲಿ ಸೋಸಿ, ಪಾಚಿಯ ಕಣಗಳನ್ನು ಉಳಿಸಿಕೊಂಡು ಮಿಕ್ಕ ನೀರನ್ನು ಹೊರಬಿಡುತ್ತದೆ. ಕರಾವಳಿಯ ಅಳಿವೆಗಳಲ್ಲಿ ಬೆಳೆಯುವ ಬಳಚು, ನೀಲಿಕಲ್ಲು, ಸಿಂಪಿಗಳ ಜೀವನಕ್ರಮವೂ ಇದೇ ಬಗೆಯದು. ಚೆನ್ನಾಗಿ ಬೆಳೆದ ಸಿಂಪಿಯೊಂದು ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ 100 ಲೀಟರಿಗೂ ಹೆಚ್ಚು ನೀರನ್ನು ಸೋಸಬಲ್ಲದು. ಆ ನೀರಿನಲ್ಲಿ ರೋಗಾಣುಗಳಿದ್ದರೆ ಅವೂ ಪಾಚಿಯೊಡನೆ ಸಿಂಪಿಯ ಒಡಲಲ್ಲಿ ಸಂಗ್ರಹವಾಗುತ್ತವೆ. ಹೀಗಾಗಿ ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ರೋಗಾಣು ಚಿಪ್ಪಿನೊಳಗೆ ಕಂಡುಬರುವುದುಂಟು.

ಸಮುದ್ರವೇ ಇಲ್ಲದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸದಸ್ಯರಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ಬಳಚು ಇಲ್ಲಿನ ಸಂತೆಗಳಿಗೆ ಬರುವುದು ಅಪರೂಪವೆಂಬುದೂ ನಿಜ. ಆದರೆ ಮಂಗಳೂರು, ಮಲ್ಪೆ ಕಡೆಯ ಸಮುದ್ರ ಮೀನು, ಸಿಗಡಿ, ಏಡಿಗಳು ರಾತ್ರಿಯಿಡೀ ಲಾರಿಯಲ್ಲಿ ಪ್ರಯಾಣಿಸಿ ಒಳನಾಡಿನ ಸಂತೆ, ಅಂಗಡಿಗಳಿಗೆ ತಲುಪುತ್ತವೆ. ಅವುಗಳೊಡನೆ ಕರಾವಳಿಯ ನೀರಿನ ಸ್ಥಿತಿಯೂ ಸ್ವಲ್ಪಮಟ್ಟಿಗೆ ಇಲ್ಲಿಗೆ ಬರುತ್ತದೆ. ಜೊತೆಗೆ, ಅಳಿವೆಯಲ್ಲಿ ರೋಗಾಣುಗಳನ್ನು ಹೆಚ್ಚಿಸುವ ಕಾರಣಗಳಲ್ಲಿ ಉಪ್ಪೊಂದನ್ನು ಬಿಟ್ಟರೆ ಮಿಕ್ಕೆಲ್ಲವೂ ಇಲ್ಲಿನ ಕೆರೆಗಳಲ್ಲಿಯೂ ಇವೆ.

ಸೋಸಿ ತಿನ್ನುವ ಜೀವಿಯ ವಿಷಯದಲ್ಲಿ ಎಷ್ಟು ಎಚ್ಚರ ಅಗತ್ಯವೆಂಬುದನ್ನು ಕೆಲವು ಮಿತಿಗಳೇ ಹೇಳುತ್ತವೆ. ನಮ್ಮ ದೇಶದಲ್ಲಿ ನದಿಸ್ನಾನಕ್ಕೆ ಯೋಗ್ಯವೆನಿಸುವ ನೀರಿನ ಪ್ರತಿ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾ 2,500ನ್ನು ಮೀರಬಾರದು. ಮೀನು ಸಾಕುವ ಹೊಂಡಗಳಿಗೆ ತ್ಯಾಜ್ಯನೀರು ಬಳಸುವುದಾದರೆ ಅದು 1,000 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿತ್ತು. ಚಿಪ್ಪುಜೀವಿಗಳನ್ನು ನೇರವಾಗಿ ಮಾರುಕಟ್ಟೆಗೆ ಕಳುಹಿಸುವ ನೀರಿಗೆ ಅಮೆರಿಕದಲ್ಲಿರುವ ಮಿತಿ ಕೇವಲ 14. ಮೀನಿನ ದೇಹದಲ್ಲಿ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಕರುಳು, ಕಿವಿರು, ಚರ್ಮದ ಲೋಳೆಯಲ್ಲಿ ಉಳಿಯುತ್ತವೆ. ಅವನ್ನು ತೆಗೆದು ತೊಳೆದ ಮೇಲೆ ಮಾಂಸವನ್ನು ಬೇಯಿಸಿ ತಿನ್ನಲಾಗುತ್ತದೆ. ಬಳಚು, ಸಿಂಪಿಗಳನ್ನಾದರೋ ಕರುಳಿನ ಸಮೇತ ತಿನ್ನಲಾಗುತ್ತದೆ. ಕೆಲವು ದೇಶಗಳಲ್ಲಿ ಹಸಿಯಾಗಿಯೇ ತಿನ್ನುವ ವಾಡಿಕೆಯೂ ಇದೆ.

ಮಳೆಯೊಡನೆ ಬರುವ ರೋಗಾಣು

ಚಿಪ್ಪುಜೀವಿಗಳಲ್ಲಿ ಸೇರುವ ರೋಗಾಣುಗಳನ್ನು ಅವುಗಳ ಮೂಲವನ್ನು ನೋಡಿ ಎರಡಾಗಿ ವಿಂಗಡಿಸಬೇಕಾಗುತ್ತದೆ. ಮೊದಲನೆಯವು ಮನುಷ್ಯ ಮತ್ತು ಪ್ರಾಣಿಗಳ ಕರುಳಿನಿಂದ ಹೊರಬಿದ್ದವು. ಸಾಲ್ಮೊನೆಲ್ಲಾ, ಶಿಗೆಲ್ಲಾ, ರೋಗಕಾರಕ ಇ-ಕೋಲಿ ಮುಂತಾದ ಬ್ಯಾಕ್ಟೀರಿಯಾಗಳು ಈ ಗುಂಪಿನವು. ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಇವು ಸಮುದ್ರದ ಮೂಲನಿವಾಸಿಗಳಲ್ಲ. ಉಪ್ಪುನೀರೂ ಸೂರ್ಯನ ಬೆಳಕೂ ಅವುಗಳ ಶತ್ರುಗಳು. ತಿಳಿಯಾದ, ಬಿಸಿಲು ಬಿದ್ದ ಉಪ್ಪುನೀರಿನಲ್ಲಿ ಅವು ಬೇಗನೆ ನಶಿಸುತ್ತವೆ. ಆದರೆ ಮುಂಗಾರಿನಲ್ಲಿ ಸ್ಥಿತಿ ತಿರುಗಿಬೀಳುತ್ತದೆ. ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳು ಅಳಿವೆಯ ಉಪ್ಪನ್ನು ತೊಳೆದುಬಿಡುತ್ತವೆ. ಊರಿನ ಚರಂಡಿ, ತಿಪ್ಪೆಗುಂಡಿ, ಶೌಚಗುಂಡಿಗಳ ಕಸವನ್ನು ಹೊತ್ತ ಕೆಂಪು ನೀರು ಬೆಳಕನ್ನು ತಡೆದು ರೋಗಾಣುಗಳಿಗೆ ಆಶ್ರಯ ನೀಡುತ್ತದೆ. ತಳದ ಕೆಸರಿನಲ್ಲಿ ಅಡಗಿದ್ದವೂ ಪ್ರವಾಹಕ್ಕೆ ಕದಡಿ ಮೇಲೇಳುತ್ತವೆ. ಆದ್ದರಿಂದಲೇ ಅನೇಕ ದೇಶಗಳಲ್ಲಿ ಭಾರೀ ಮಳೆಯಾದ ಕೂಡಲೇ ಚಿಪ್ಪುಜೀವಿ ತೆಗೆಯುವುದನ್ನು ಕೆಲವು ದಿನ ನಿಲ್ಲಿಸಲಾಗುತ್ತದೆ.

ಈ ದಾರಿಯ ಅಪಾಯ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ 1988ರ ಶಾಂಘೈ ನಗರವೇ ಸಾಕ್ಷಿ. ಕೊಳಚೆ ನೀರು ಸೇರುತ್ತಿದ್ದ ಕಡಲತೀರದಿಂದ ತಂದ ಚಿಪ್ಪುಜೀವಿಗಳನ್ನು ಜನರು ಅರೆಬೇಯಿಸಿ ತಿಂದ ಪರಿಣಾಮವಾಗಿ, ಕೆಲವೇ ವಾರಗಳಲ್ಲಿ ಸುಮಾರು 3 ಲಕ್ಷ ಮಂದಿ ಹೆಪಟೈಟಿಸ್-ಎ ರೋಗಕ್ಕೆ ತುತ್ತಾದರು. ಇಲ್ಲಿ ತಪ್ಪು ನಡೆದದ್ದು ಅಡುಗೆಮನೆಯಲ್ಲಿ ಮಾತ್ರವಲ್ಲ, ಅದಕ್ಕೂ ಮೊದಲು ಚರಂಡಿಯಲ್ಲಿ.

ಈ ಗುಂಪಿನ ರೋಗಾಣುಗಳನ್ನು ಒಂದೊಂದಾಗಿ ಹುಡುಕುವುದು ಕಷ್ಟಸಾಧ್ಯ. ಹಾಗಾಗಿ ಇ-ಕೋಲಿಯನ್ನು ಸೂಚಕವಾಗಿ ಇಟ್ಟುಕೊಳ್ಳಲಾಗಿದೆ: ಅದು ಇದ್ದಲ್ಲಿ ಮಲ ಸೇರಿದೆ, ಮಲ ಸೇರಿದಲ್ಲಿ ಉಳಿದವೂ ಇರಬಹುದು ಎಂಬುದು ತರ್ಕ. ಕುಡಿಯುವ ನೀರಿನ ಪರೀಕ್ಷೆಗೆ ಹಳ್ಳಿಗಳಲ್ಲಿ ಬಳಸುವ ಎಚ್-ಟು-ಎಸ್ ಬಾಟಲಿಯ ಹಿಂದಿರುವುದೂ ಇದೇ ತರ್ಕ. ನೀರು ಕಪ್ಪಾದರೆ ಮಲಿನಗೊಂಡಿರುವ ಸಂಭವ ಹೆಚ್ಚು. ಯುರೋಪಿನಲ್ಲಿ ಜೀವಂತ ಚಿಪ್ಪುಜೀವಿಯ 100 ಗ್ರಾಂ ಮಾಂಸದಲ್ಲಿ ಇ-ಕೋಲಿ 230ನ್ನು ಮೀರದಿದ್ದರೆ ಮಾತ್ರ ನೇರ ಮಾರಾಟಕ್ಕೆ ಅವಕಾಶ. ಹೆಚ್ಚಿದ್ದರೆ ಅವುಗಳನ್ನು ಶುದ್ಧ ಸಮುದ್ರನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇರಿಸಿ, ತಾವೇ ಸೋಸಿ ಸೋಸಿ ಕರುಳನ್ನು ತೊಳೆದುಕೊಳ್ಳುವಂತೆ ಮಾಡಲಾಗುತ್ತದೆ. ಇ-ಕೋಲಿ ಈ ಕ್ರಮದಿಂದ ಹೊರಬೀಳುತ್ತದೆ. ಎರಡನೆಯ ಗುಂಪಿನವು ಅಷ್ಟು ಸುಲಭವಾಗಿ ಹೊರಬೀಳುವುದಿಲ್ಲ.

ಬಿಸಿಲಿನೊಡನೆ ಬೆಳೆಯುವ ರೋಗಾಣು

ಎರಡನೆಯ ಗುಂಪಿನವು ಸಮುದ್ರದಲ್ಲಿಯೇ ಹುಟ್ಟಿ ಬೆಳೆಯುವ ವಿಬ್ರಿಯೊ ಕುಲದ ಬ್ಯಾಕ್ಟೀರಿಯಾಗಳು. ಅವು ಇರಲು ಚರಂಡಿ ಬೇಕಿಲ್ಲ. ತಿಳಿಯಾದ ನೀರಿನಲ್ಲಿಯೂ ಇರುತ್ತವೆ. ಇ-ಕೋಲಿ ಪರೀಕ್ಷೆಯಲ್ಲಿ ಉತ್ತೀರ್ಣವಾದ ನೀರಿನಲ್ಲಿ ವಿಬ್ರಿಯೊ ಧಾರಾಳವಾಗಿರಬಹುದು ಎಂಬ ಸಂಗತಿಯನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಅವುಗಳ ಏರಿಳಿತವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಉಷ್ಣತೆ ಮತ್ತು ಉಪ್ಪಿನ ಪ್ರಮಾಣ.

1950ರಲ್ಲಿ ಜಪಾನಿನ ಒಸಾಕಾದಲ್ಲಿ, ಬೇಯಿಸಿ ಅರೆ ಒಣಗಿಸಿದ ಸಣ್ಣ ಮೀನನ್ನು ತಿಂದ 272 ಮಂದಿ ಅಸ್ವಸ್ಥರಾಗಿ, 20 ಮಂದಿ ಸಾವನ್ನಪ್ಪಿದರು. ಆ ಸಂದರ್ಭದಲ್ಲಿ ತ್ಸುನೆಸಬುರೊ ಫುಜಿನೊ ಎಂಬ ವಿಜ್ಞಾನಿ ಗುರುತಿಸಿದ ಬ್ಯಾಕ್ಟೀರಿಯಾಕ್ಕೆ ಮುಂದೆ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಹೆಸರಾಯಿತು. ಸಮುದ್ರದ ಆಹಾರದಿಂದ ಬರುವ ವಾಂತಿಭೇದಿಗೆ ಇದೇ ಪ್ರಮುಖ ಕಾರಣಗಳಲ್ಲಿ ಒಂದು. ತಿಂದು ಒಂದು ದಿನದೊಳಗೆ ನೀರಿನಂತಹ ಭೇದಿ, ಹೊಟ್ಟೆ ನುಲಿತ, ಕೆಲವೊಮ್ಮೆ ಜ್ವರ. ಸಾಮಾನ್ಯವಾಗಿ ಮೂರು ದಿನಗಳಲ್ಲಿ ಇಳಿಯುತ್ತದೆ. 1996ರಲ್ಲಿ ಕೋಲ್ಕತ್ತದಲ್ಲಿ ಇದರ ಹೊಸ ತಳಿಯೊಂದು ಕಾಣಿಸಿಕೊಂಡು ಅನಂತರ ಏಷ್ಯಾ, ಅಮೆರಿಕ ಖಂಡಗಳಿಗೂ ಹರಡಿತು.

ನಮ್ಮ ಕರಾವಳಿಯ ಸ್ಥಿತಿಯೇನು? 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದ್ದಾರೆ. ನೈಋತ್ಯ ಕರಾವಳಿಯ ಎರಡು ಅಳಿವೆಗಳಿಂದ ಬೇರೆ ಬೇರೆ ಕಾಲಗಳಲ್ಲಿ ಸಂಗ್ರಹಿಸಿದ ಸಿಂಪಿಯ 49 ಮಾದರಿಗಳನ್ನು ಅವರು ಪರೀಕ್ಷಿಸಿ, ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಶೇ. 93ಕ್ಕೂ ಹೆಚ್ಚು ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಕೆಲವೆಡೆ ಒಂದು ಗ್ರಾಂ ಮಾಂಸದಲ್ಲಿ 10 ಕೂಡ ಇರಲಿಲ್ಲ, ಮತ್ತೆ ಕೆಲವೆಡೆ 10,000ದವರೆಗೆ ಇತ್ತು. ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಈ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ರೋಗ ತರುವುದಿಲ್ಲ. ರೋಗಕ್ಕೆ ಮುಖ್ಯ ಕಾರಣವೆನ್ನಲಾದ ವಿಷವಸ್ತುವನ್ನು ತಯಾರಿಸುವ ವಂಶವಾಹಿಯು 5 ಮಾದರಿಗಳಲ್ಲಿ ಮಾತ್ರ ಪತ್ತೆಯಾಯಿತು. ಆದರೆ ಅವುಗಳಲ್ಲಿ ಒಂದರಿಂದ ದೊರೆತದ್ದು ಕೋಲ್ಕತ್ತದಲ್ಲಿ ಮೊದಲು ಕಂಡ ಆ ಜಗದ್ವ್ಯಾಪಿ ತಳಿ ಎಂಬುದನ್ನು ಲಘುವಾಗಿ ಕಾಣುವಂತಿಲ್ಲ.

ಉಷ್ಣತೆಯ ಪಾತ್ರ ಅಲಾಸ್ಕಾದಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಅಲ್ಲಿನ ಸಮುದ್ರ ತಣ್ಣಗಿರುವುದರಿಂದ ಸಿಂಪಿಗಳಿಗೆ ವಿಬ್ರಿಯೊ ಭಯವಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. 2004ರ ಬೇಸಿಗೆಯಲ್ಲಿ ಸಿಂಪಿ ಬೆಳೆಯುವ ತಾಣದ ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ದಾಟಿತು. ಆ ಸಿಂಪಿಗಳನ್ನು ಹಸಿಯಾಗಿ ತಿಂದ ಹಡಗಿನ ಪ್ರಯಾಣಿಕರು ಹಾಸಿಗೆ ಹಿಡಿದರು. ಕರ್ನಾಟಕದ ಕರಾವಳಿಯ ನೀರು ವರ್ಷವಿಡೀ ಅದಕ್ಕಿಂತ ಬಹಳ ಬೆಚ್ಚಗಿರುತ್ತದೆ. ಹಾಗಾಗಿ ನಮ್ಮಲ್ಲಿ ಉಷ್ಣತೆಗಿಂತ ಉಪ್ಪಿನ ಏರಿಳಿತವೇ ಹೆಚ್ಚು ನಿರ್ಣಾಯಕ. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ವಿಬ್ರಿಯೊ ಕುಲದ ಹಲವು ರೋಗಕಾರಕಗಳಿಗೆ ಅಷ್ಟು ಉಪ್ಪೂ ಒಗ್ಗದು, ಪೂರ್ಣ ಸಿಹಿನೀರೂ ಒಗ್ಗದು. ನದಿಯೂ ಕಡಲೂ ಬೆರೆಯುವ ಮಧ್ಯಮ ಉಪ್ಪಿನ ಅಳಿವೆಯೇ ಅವುಗಳ ತವರು. ಬಳಚು, ಸಿಂಪಿಗಳ ತವರೂ ಅದೇ ಆಗಿರುವುದು ದುರ್ದೈವ.

ಇಲ್ಲಿ ಒಂದು ವಿಷಯಾಂತರ ಅಗತ್ಯ. 1983ರಲ್ಲಿ ಮಂಗಳೂರಿಗೆ ಹತ್ತಿರದ, ಕಾಸರಗೋಡು ಸೀಮೆಯ ಕುಂಬಳೆ ಅಳಿವೆಯ ಚಿಪ್ಪುಜೀವಿಗಳನ್ನು ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ಮೃತಪಟ್ಟನು. ಮೀನುಗಾರಿಕಾ ಕಾಲೇಜಿನ ತಜ್ಞರು ಪರೀಕ್ಷಿಸಿದಾಗ ಕಾರಣ ಬ್ಯಾಕ್ಟೀರಿಯಾ ಆಗಿರದೆ, ಸೂಕ್ಷ್ಮ ಪಾಚಿಯೊಂದರಿಂದ ಚಿಪ್ಪಿನೊಳಗೆ ಶೇಖರವಾದ, ನರಗಳನ್ನು ಸ್ತಬ್ಧಗೊಳಿಸುವ ವಿಷವೆಂದು ತಿಳಿದುಬಂದಿತು. ಈ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ತುಟಿ, ನಾಲಿಗೆ ಜೋಮು ಹಿಡಿದು ಉಸಿರಾಟಕ್ಕೆ ಕಷ್ಟವಾದರೆ ಅದನ್ನು ಸಾಮಾನ್ಯ ವಾಂತಿಭೇದಿಯೆಂದು ತಿಳಿಯದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಕರಾವಳಿಯಿಂದ ಸಂತೆಯವರೆಗೆ

ಅಳಿವೆಯ ನೀರಿನ ಬಿಸಿಯನ್ನು ಯಾವ ಪಂಚಾಯಿತಿಯೂ ಕಡಿಮೆ ಮಾಡಲಾರದು. ಆದರೆ ಚಿಪ್ಪುಜೀವಿಯನ್ನು ನೀರಿನಿಂದ ತೆಗೆದ ಮೇಲಿನ ಬಿಸಿ ಪೂರ್ತಿ ಮನುಷ್ಯರ ಕೈಯಲ್ಲಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜೀವಂತ ಸಿಂಪಿಗಳನ್ನು 26 ಡಿಗ್ರಿಯಲ್ಲಿ ಇರಿಸಿದಾಗ ಅವುಗಳೊಳಗಿನ ವಿಬ್ರಿಯೊ 10 ಗಂಟೆಗಳಲ್ಲಿ 50 ಪಟ್ಟು, 24 ಗಂಟೆಗಳಲ್ಲಿ 790 ಪಟ್ಟು ಹೆಚ್ಚಿತು. 3 ಡಿಗ್ರಿಯ ತಂಪಿನಲ್ಲಿಟ್ಟವುಗಳಲ್ಲಿ ಅದು ಹೆಚ್ಚದೆ ಕ್ರಮೇಣ ಕುಗ್ಗಿತು. ಲೆಕ್ಕ ಹಾಕಿ ನೋಡಬಹುದು: ಗ್ರಾಂ ಒಂದಕ್ಕೆ 100 ಬ್ಯಾಕ್ಟೀರಿಯಾ ಇದ್ದ ಚಿಪ್ಪುಜೀವಿಯ 100 ಗ್ರಾಂ ಮಾಂಸದಲ್ಲಿ ಅವುಗಳ ಸಂಖ್ಯೆ 10 ಸಾವಿರ, ಸಾಮಾನ್ಯವಾಗಿ ಆರೋಗ್ಯವಂತನನ್ನು ಅದು ಬಾಧಿಸದು. ಒಂದು ರಾತ್ರಿ ಮಂಜುಗಡ್ಡೆಯಿಲ್ಲದೆ ಕಳೆದು 50 ಪಟ್ಟಾದರೆ 5 ಲಕ್ಷ. ರೋಗಕಾರಕ ತಳಿಯಾದರೆ ಅಷ್ಟು ಸಾಕು. 26 ಡಿಗ್ರಿ ಎಂಬುದು ಇಲ್ಲಿನವರಿಗೆ ಸೆಕೆಯೇ ಅಲ್ಲ ಎಂಬುದನ್ನೂ ನೆನೆಯಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ರಸ್ತೆಬದಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದ ಸಿಗಡಿಯ ಬಿಸಿ ಅದಕ್ಕಿಂತ ಬಹಳ ಹೆಚ್ಚು.

ಆದ್ದರಿಂದ ಸಂತೆಯಲ್ಲಿ ನೋಡಬೇಕಾದದ್ದು ಮೊದಲು ಮಂಜುಗಡ್ಡೆ. ಬೆಚ್ಚನೆಯ ಪ್ರದೇಶಗಳಲ್ಲಿ ಮೀನಿನ ತೂಕದಷ್ಟೇ ತೂಕದ ಮಂಜುಗಡ್ಡೆ ಇರಬೇಕೆಂಬುದು ಮೀನುಗಾರಿಕಾ ತಜ್ಞರ ಸಾಮಾನ್ಯ ಸಲಹೆ. ಮೇಲೊಂದು ಪದರ ಉದುರಿಸಿದರೆ ಅದು ಕಣ್ಣಿಗೆ ಮಾತ್ರ ತಂಪು. ಮಂಜುಗಡ್ಡೆ ಕುಡಿಯಲು ಯೋಗ್ಯವಾದ ನೀರಿನಿಂದಲೇ ಆದದ್ದಾಗಿರಬೇಕು; ಕರಗಿದ ನೀರು ಕೆಳಗಿನ ಮೀನಿನ ಮೇಲೆ ನಿಲ್ಲದೆ ಹರಿದು ಹೋಗುವಂತಿರಬೇಕು. ಸಂತೆ ಮೈದಾನದಲ್ಲಿ ನೆರಳಿರುವ ಎತ್ತರದ ಕಟ್ಟೆ, ಕ್ಲೋರಿನ್ ಹಾಕಿದ ನಲ್ಲಿ ನೀರು, ಮುಚ್ಚಿದ ಚರಂಡಿ ಇವು ಪಂಚಾಯಿತಿಯೇ ಒದಗಿಸಬಹುದಾದವು. ಮೀನು ಕತ್ತರಿಸಿದ ಅದೇ ಮಣೆ, ಅದೇ ಚಾಕು, ತೊಳೆದ ಅದೇ ಬಕೆಟ್ ನೀರು ಪಕ್ಕದ ಸೊಪ್ಪಿನ ಅಂಗಡಿಗೆ ತಾಗದಂತೆ ಅಂತರವಿಡುವುದಕ್ಕೆ ಖರ್ಚೂ ಇಲ್ಲ.

ಅಡುಗೆಯ ವಿಷಯದಲ್ಲಿ ನಮ್ಮ ಜನರ ಪದ್ಧತಿಯೇ ದೊಡ್ಡ ರಕ್ಷೆ. ಖಾರ ಅರೆದು ಕುದಿಸಿದ ಸಾರಿನಲ್ಲಿ ವಿಬ್ರಿಯೊ ಉಳಿಯದು. ಗದ್ದೆಯ ನಳ್ಳಿಯ ಸಾರಿಗೂ ಕಡಲ ಏಡಿಯ ಸಾರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಬಳಚಿನಂತಹ ಚಿಪ್ಪುಜೀವಿಗಳನ್ನು ಬೇಯಿಸುವಾಗ ಚಿಪ್ಪು ಬಾಯ್ದೆರೆದ ಮೇಲೂ 3ರಿಂದ 5 ನಿಮಿಷ ಕುದಿಸಬೇಕು, ಬಾಯ್ದೆರೆಯದವನ್ನು ಎಸೆಯಬೇಕು. ಖಾರ, ಹುಣಸೆಹುಳಿ, ನಿಂಬೆರಸ ರೋಗಾಣುವನ್ನು ಕೊಲ್ಲುತ್ತವೆಂಬ ನಂಬಿಕೆ ಮಾತ್ರ ಸರಿಯಲ್ಲ. ಆ ಕೆಲಸ ಬೆಂಕಿಯದು. ಯಕೃತ್ತಿನ ಕಾಯಿಲೆ ಇರುವವರು ಹೆಚ್ಚಿನ ಎಚ್ಚರ ವಹಿಸಬೇಕು, ಏಕೆಂದರೆ ವಿಬ್ರಿಯೊ ವಲ್ನಿಫಿಕಸ್ ಎಂಬ ಇನ್ನೊಂದು ಬಗೆ ಅಂಥವರ ರಕ್ತಕ್ಕೆ ಸೇರಿ ಪ್ರಾಣಕ್ಕೇ ಎರವಾಗಬಲ್ಲದು. ಅದು ಕೈಯ ಗಾಯದ ಮೂಲಕವೂ ಒಳಸೇರುತ್ತದೆ. ಸಿಗಡಿ ಸುಲಿಯುವವರಿಗೆ ಇದು ತಿಳಿದಿರಬೇಕು.

ನಮ್ಮ ಕೆರೆಗಳಲ್ಲಿ

ಉಪ್ಪಿಲ್ಲದ ಮಾತ್ರಕ್ಕೆ ಸಿಹಿನೀರು ಸುರಕ್ಷಿತವಲ್ಲ. ವಿಬ್ರಿಯೊಗೆ ಹತ್ತಿರದ ಸಂಬಂಧಿಯಾದ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಚ್ಚನೆಯ, ಕೊಳೆತ ಪದಾರ್ಥ ತುಂಬಿದ ಕೆರೆನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಕಾಟ್ಲಾ, ರೋಹು ಮೀನುಗಳ ಮೈಮೇಲೆ ಕಾಣುವ ಕೆಂಪು ಹುಣ್ಣುಗಳಿಗೆ ಅದು ಕಾರಣಗಳಲ್ಲಿ ಒಂದು. ಬೇಸಿಗೆಯಲ್ಲಿ ನೀರು ಇಂಗಿ ಬಿಸಿಯಾದಾಗ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಬಳಲುತ್ತದೆ, ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ. ಆ ಸಮಯದಲ್ಲಿ ಮೊದಲ ಮಳೆ ಬಂದು ಊರಿನ ಕೊಳೆಯನ್ನೆಲ್ಲ ಕೆರೆಗೆ ತಂದರೆ ಮಾರನೆಯ ಬೆಳಿಗ್ಗೆ ಮೀನುಗಳು ಸತ್ತು ತೇಲುವುದುಂಟು. ಅಂತಹ ಮೀನನ್ನು ಅಗ್ಗದ ಬೆಲೆಗೆ ಮಾರಲು ಬಿಡಬಾರದು.

ಕಾಲರಾ ರೋಗದ ಬ್ಯಾಕ್ಟೀರಿಯಾವೂ ವಿಬ್ರಿಯೊ ಕುಲದ್ದೇ. ನೀರಿನಲ್ಲಿ ಅದು ಒಂಟಿಯಾಗಿ ತೇಲುವುದಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳ ಮೈಗೆ ಅಂಟಿಕೊಂಡಿರುತ್ತದೆಂದು ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ತೋರಿಸಿದರು. ಈ ತಿಳಿವಳಿಕೆಯಿಂದ ಒಂದು ಸರಳ ಉಪಾಯ ಹುಟ್ಟಿತು. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಹತ್ತಿ ಸೀರೆಯನ್ನು ನಾಲ್ಕಾರು ಮಡಿಕೆಯಾಗಿ ಮಡಚಿ ಕುಡಿಯುವ ನೀರನ್ನು ಸೋಸಿದ್ದರಿಂದ ಕಾಲರಾ ಪ್ರಕರಣಗಳು ಶೇ. 48ರಷ್ಟು ಕಡಿಮೆಯಾದವು. ಹೊಸ ಸೀರೆಗಿಂತ ಒಗೆದು ಒಗೆದು ಎಳೆ ಸಡಿಲಿದ ಹಳೆಯ ಸೀರೆಯೇ ಇದಕ್ಕೆ ಮೇಲು. ಸೋಸುವುದು ಕುದಿಸುವುದಕ್ಕೂ ಕ್ಲೋರಿನ್‌ಗೂ ಬದಲಿಯಲ್ಲ. ನಲ್ಲಿಯ ಕೊನೆಯ ಮನೆಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಮಾನಕ. ಆದರೂ ಪ್ರವಾಹದ ದಿನಗಳಲ್ಲಿ ಬೇರೇನೂ ಇಲ್ಲದ ಮನೆಗೆ ಅದು ಅರ್ಧ ರಕ್ಷೆ.

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಜಲಾಶಯಕ್ಕೆ ಬಂದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಇಲ್ಲಿನ ರೋಗಾಣು ಅಷ್ಟು ದೂರ ಬದುಕಿ ಹೋಗುತ್ತದೆಂದು ಇದರ ಅರ್ಥವಲ್ಲ. ನಡುವೆ ಬಿಸಿಲಿದೆ, ಮೆಟ್ಟೂರಿನ ಅಣೆಕಟ್ಟೆಯಿದೆ. ಆದರೆ ಪ್ರತಿಯೊಂದು ಊರಿಗೂ ಮೇಲೊಂದು ಊರಿದೆ, ಕೆಳಗೊಂದು ಊರಿದೆ. ಬೈರಮಂಗಲದ ಕೆಳಗಿನ ಹಳ್ಳಿಗಳಿಗೆ ಬೆಂಗಳೂರು ಹೇಗೋ, ಚರಂಡಿಯನ್ನು ಕೆರೆಗೆ ತಿರುಗಿಸಿದ ಗ್ರಾಮವು ಅದರ ಕೋಡಿಯ ಕೆಳಗಿನವರಿಗೆ ಹಾಗೆಯೇ. ಬೂದುನೀರಿನ ಇಂಗುಗುಂಡಿ, ಶೌಚಗುಂಡಿಯ ಹೂಳನ್ನು ಹಳ್ಳಕ್ಕೆ ಸುರಿಯದಂತೆ ಟ್ಯಾಂಕರುಗಳ ಮೇಲೆ ನಿಗಾ, ಕೆರೆಗೆ ಸೇರುವ ಕಾಲುವೆಯ ಬಾಯಲ್ಲಿ ಹೂಳುಗುಂಡಿ ಮುಂತಾದ ಕಾಮಗಾರಿಗಳನ್ನು ಮುಂಗಾರಿಗೆ ಮೊದಲೇ ಕ್ರಿಯಾಯೋಜನೆಯಲ್ಲಿ ಸೇರಿಸಿದರೆ ಮಾತ್ರ ಪ್ರಯೋಜನ. ಮಳೆ ಬಂದ ಮೇಲೆ ಅಗೆದ ಗುಂಡಿ ತುಂಬುವುದು ಕೊಳೆಯಿಂದಲೇ.

ಒಂದೇ ಬೀದಿಯಲ್ಲಿ ಎರಡು ಮೂರು ಮನೆಗಳಿಗೆ ಒಟ್ಟಿಗೆ ವಾಂತಿಭೇದಿ ಕಂಡರೆ, ಹಿಂದಿನ ದಿನ ಏನು ತಿಂದರು, ಎಲ್ಲಿ ಕೊಂಡರು, ಯಾವ ನೀರು ಕುಡಿದರು ಎಂಬ ಮೂರು ಪ್ರಶ್ನೆಗಳ ಉತ್ತರವನ್ನು ಆಶಾ ಕಾರ್ಯಕರ್ತೆಯು ಅಂದೇ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸುವಂತೆ ಸದಸ್ಯರು ನೋಡಿಕೊಳ್ಳಬೇಕು. ಓ.ಆರ್.ಎಸ್. ದ್ರಾವಣವನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೇ ಕುಡಿಸಲು ಆರಂಭಿಸಬೇಕು. ಉಳಿದ ಮೀನು, ಸಾರನ್ನು ಚೆಲ್ಲದೆ ಮುಚ್ಚಿಟ್ಟರೆ ಆಹಾರ ಸುರಕ್ಷತಾ ಅಧಿಕಾರಿಗೆ ಮಾದರಿ ದೊರೆಯುತ್ತದೆ.

ಕೆರೆಯ ಮೀನು ಪಾಶುವಾರು ಹರಾಜಿನ ಷರತ್ತುಗಳನ್ನು ಬರೆಯುವಾಗಲೂ ಈ ವಿಷಯಕ್ಕೆ ಸ್ಥಾನವಿದೆ. ಕೋಳಿ ಅಂಗಡಿಯ ತ್ಯಾಜ್ಯವನ್ನು ಮೀನಿಗೆ ಆಹಾರವಾಗಿ ಕೆರೆಗೆ ಸುರಿಯುವ ರೂಢಿ ಕೆಲವೆಡೆ ಇದೆ. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳಲ್ಲಿ ಅದು ಇನ್ನೂ ಹೆಚ್ಚು. ಕರುಳಿನ ಆ ತ್ಯಾಜ್ಯ ಏಪ್ರಿಲ್ ಬಿಸಿಲಿಗೆ ಹೊಂಡದಲ್ಲಿ ಕೊಳೆತು, ಮೇ ತಿಂಗಳ ಮೊದಲ ಮಳೆಗೆ ಹೊಂಡದ ಬದು ಒಡೆದು, ದನ ನೀರು ಕುಡಿಯುವ, ಮಕ್ಕಳು ಈಜುವ ಕೆರೆಗೆ ಹರಿಯುತ್ತದೆ. ಹರಾಜು ಪತ್ರದಲ್ಲಿ ಇದಕ್ಕೆ ಸ್ಪಷ್ಟ ನಿರ್ಬಂಧವನ್ನೂ, ಮೀರಿದಲ್ಲಿ ಗುತ್ತಿಗೆ ರದ್ದಾಗುವ ಷರತ್ತನ್ನೂ ಸೇರಿಸಿ, ಬೇಸಿಗೆಯಲ್ಲಿ ಒಮ್ಮೆಯಾದರೂ ಸದಸ್ಯರು ಸ್ಥಳ ಪರಿಶೀಲಿಸುವುದು ಅವಶ್ಯ.